ದೈವ ಹೆಸರು ಹಿಡಿದು ಕರೆದಾಗ

ಇಂಗ್ಲೆಂಡಿನ ನಮ್ಮ ಸಂಘದ ಎಲ್ಲರಿಗೂ ನಮಸ್ಕಾರ.

ಈ ಸಲ ಊರಿಗೆ ಹೋದದ್ದು ಕೋಲಕ್ಕೆ, ದೈವ ಮನುಷ್ಯನ ಮೈಮೇಲೆ ಬಂದು ಮಾತಾಡುವ ಆರಾಧನೆಗೆ. ಕಾಸರಗೋಡಿನ ಕುಂಬಳೆ ಹತ್ತಿರದ ನಮ್ಮ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಆರು ವರ್ಷಗಳ ನಂತರ ನಡೆದ ಕೋಲ. ರಾತ್ರಿ ಎರಡು ಗಂಟೆ ದಾಟಿತ್ತು. ಪಂಜುರ್ಲಿ ದೈವ ಅಂಗಳದ ನಡುವೆ ನಿಂತು, ಒಂದೊಂದೇ ಮನೆಯವರನ್ನು ಕರೆದು ಬೂಳ್ಯ ಕೊಡುತ್ತಿತ್ತು. ಬೂಳ್ಯ ಅಂದರೆ ವೀಳ್ಯದೆಲೆ, ಅಡಿಕೆ, ಅಷ್ಟೇ. ಆದರೆ ಯಾರನ್ನು ಯಾವಾಗ ಕರೆಯಬೇಕು ಎನ್ನುವುದಕ್ಕೆ ಕ್ರಮ ಉಂಟು. ಅದು ತಪ್ಪಿದರೆ ಜಗಳವೇ ಆಗುತ್ತದೆ.

ನಮ್ಮ ದೊಡ್ಡ ಮಾವ ಕೈ ಚಾಚಿದರು. ದೈವ ಕೊಡಲಿಲ್ಲ. ಕಾಲಿನ ಗಗ್ಗರದ ಸದ್ದೂ ನಿಂತಿತು. ‘ತಮ್ಮ ಎಲ್ಲಿ?’ ಎಂದು ಕೇಳಿತು. ಜಾಗದ ತಕರಾರಿನಿಂದ ಅವರಿಬ್ಬರ ನಡುವೆ ಹನ್ನೊಂದು ವರ್ಷಗಳಿಂದ ಮಾತಿರಲಿಲ್ಲ. ಸಣ್ಣ ಮಾವ ಬಂದಿದ್ದರು, ಆದರೆ ತೆಂಗಿನ ಬುಡದಲ್ಲಿ, ಬೆಳಕು ತಾಗದ ಕಡೆ ನಿಂತಿದ್ದರು. ಯಾರೋ ಕೈ ಹಿಡಿದು ಕರೆತಂದರು. ದೈವ ಇಬ್ಬರ ಕೈ ಸೇರಿಸಿ, ಒಂದೇ ಎಲೆ ಇಟ್ಟಿತು. ದೊಡ್ಡ ಮಾವನ ಕೈ ನಡುಗುತ್ತಿತ್ತು. ತಕರಾರು ಅಲ್ಲಿಗೇ ಮುಗಿಯಲಿಲ್ಲ, ಇನ್ನೂ ಉಂಟು. ಆದರೆ ಬೆಳಿಗ್ಗೆ ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತು ಊಟ ಮಾಡಿದರು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಸೊಸೆ, ಅಂದರೆ ತಂಗಿಯ ಮಗಳು, ಪಕ್ಕದಲ್ಲೇ ಇದ್ದಳು. ದಿನಾ ಹತ್ತು ನಿಮಿಷ ಫೋನಿನ ಆ್ಯಪ್ ಹಾಕಿಕೊಂಡು ಧ್ಯಾನ ಮಾಡುವ ಹುಡುಗಿ. ‘ಮಾವ, ನನಗೆ ನಂಬಿಕೆ ಇಲ್ಲ ಅಂತಲ್ಲ. ಇಷ್ಟೆಲ್ಲ ಗಲಾಟೆ ಇಲ್ಲದೆಯೂ ದೇವರು ಸಿಗಬಹುದಲ್ವಾ?’ ಎಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಾವಿರುವ ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಹಳೆಯದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ ‘ಯಾವ ಧರ್ಮವೂ ಇಲ್ಲ’ ಎಂದು ಬರೆಸಿದವರು ಶೇ. 25.2. 2021ರಲ್ಲಿ ಶೇ. 37.2. ಕ್ರೈಸ್ತರೆಂದು ಬರೆಸಿದವರು ಮೊದಲ ಬಾರಿಗೆ ಅರ್ಧಕ್ಕಿಂತ ಕಡಿಮೆಯಾದರು. ಹಾಗಂತ ಇವರೆಲ್ಲ ನಾಸ್ತಿಕರಲ್ಲ. ಯೋಗ ಮಾಡುತ್ತಾರೆ, ಮೊಂಬತ್ತಿ ಹಚ್ಚುತ್ತಾರೆ, ಸತ್ತವರ ಜೊತೆ ಮನಸ್ಸಿನಲ್ಲೇ ಮಾತಾಡುತ್ತಾರೆ. ಯಾವ ಚರ್ಚಿಗೂ ಸೇರದೆ ನಂಬುವ ಈ ರೀತಿಯನ್ನು ಗ್ರೇಸ್ ಡೇವಿ ಎಂಬ ಸಮಾಜಶಾಸ್ತ್ರಜ್ಞೆ 1990ರ ದಶಕದಲ್ಲೇ ಗುರುತಿಸಿದ್ದರು. ಅದಕ್ಕೂ ಮೊದಲು, 1979ರಲ್ಲಿ, ಎಲ್ಲವನ್ನೂ ವಿವರಿಸುವ ದೊಡ್ಡ ಕಥೆಗಳ ಮೇಲೆ ಜನರಿಗೆ ಭರವಸೆ ಹೋಗಿದೆ ಎಂದು ಫ್ರಾನ್ಸಿನ ತತ್ವಜ್ಞಾನಿ ಲ್ಯೋತಾರ್ ಬರೆದರು. ಇಂಥ ಕಾಲಕ್ಕೆ ಆಧುನಿಕೋತ್ತರ ಅನ್ನುವ ಮಾತು ಜಾಸ್ತಿ ಓಡಾಡಿದ್ದು ಆಮೇಲೆ.

ನನಗನಿಸುವುದು ಇಷ್ಟು. ನಂಬಿಕೆ ಕಡಿಮೆಯಾಗಿಲ್ಲ, ‘ನಮ್ಮದು’ ಆಗಿದ್ದದ್ದು ‘ನನ್ನದು’ ಆಗಿದೆ. ಅದರಲ್ಲಿ ಒಳ್ಳೆಯದೂ ಉಂಟು. ಊರಿನ ಹಳೆಯ ಕಟ್ಟುಪಾಡಿನಲ್ಲಿ ಎಲ್ಲರಿಗೂ ಜಾಗ ಇರಲಿಲ್ಲ. ರಾತ್ರಿ ಯಾರ ಮುಂದೆ ಕೈಮುಗಿದೆವೋ, ದೈವ ಕಟ್ಟಿದ ಅದೇ ಮನುಷ್ಯನಿಗೆ ಬೆಳಿಗ್ಗೆ ಹೊರಗೆ ಎಲೆ ಹಾಕಿದ್ದನ್ನು ಚಿಕ್ಕಂದಿನಲ್ಲಿ ನಾನೇ ನೋಡಿದ್ದೇನೆ. ಅದನ್ನು ಸಂಪ್ರದಾಯ ಅಂತ ಸಮರ್ಥಿಸಲು ನನ್ನಿಂದ ಆಗದು. ತನ್ನ ದಾರಿ ತಾನೇ ಹುಡುಕುವ ಸೊಸೆಯ ಹಕ್ಕನ್ನು ನಾನು ಗೌರವಿಸುತ್ತೇನೆ.

ಆದರೂ ಆ ಹತ್ತು ನಿಮಿಷದ ಧ್ಯಾನ ‘ತಮ್ಮ ಎಲ್ಲಿ?’ ಎಂದು ಕೇಳುವುದಿಲ್ಲ. ನನಗೆ ಚಿಂತೆ ಇರುವುದು ಅಲ್ಲೇ. ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ಮುಂಚೆ, ದೈವದ ಕಡೆಯವರು ಮಸೀದಿಗೆ ಹೋಗಿ ಕರೆದು ಬರುತ್ತಾರೆ. ಅರಿಕ್ಕಾಡಿಯಲ್ಲಿ ಆಲಿ ಭೂತ ಉಂಟು, ಮುಸ್ಲಿಂ ಹೆಸರಿನ ದೈವ. ನೆರೆಯವರನ್ನು ನಾವು ಆರಿಸಿಕೊಂಡಿಲ್ಲ. ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲ ಒಂದೇ ಪೇಟೆಯಲ್ಲಿ ಕೇಳುತ್ತವೆ. ಅವರ ಜೊತೆ ಬದುಕುವುದನ್ನು ಕಲಿಸಿದ್ದು ಇಂಥ ನಂಬಿಕೆಗಳೇ.

2025ರಲ್ಲಿ ಮಧೂರಿನ ದೇವಸ್ಥಾನದಲ್ಲಿ 33 ವರ್ಷಗಳ ನಂತರ ಮೂಡಪ್ಪ ಸೇವೆ, ಅಂದರೆ ಗಣಪತಿಯನ್ನು ಅಪ್ಪ ಕಜ್ಜಾಯದಿಂದ ಮುಚ್ಚುವ ಸೇವೆ, ನಡೆದಾಗ ನಮ್ಮಲ್ಲಿ ಎಷ್ಟೋ ಜನ ಅದನ್ನು ಫೋನಿನಲ್ಲೇ ನೋಡಿದೆವು. ನನ್ನ ಕಣ್ಣಲ್ಲೂ ನೀರು ಬಂತು. ಆದರೆ ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಕೂತು ನೋಡಿದ್ದು. ಅಪ್ಪ ಕಜ್ಜಾಯದ ಪರಿಮಳ ಇಲ್ಲ, ಪಕ್ಕದಲ್ಲಿ ನೂಕುವವರಿಲ್ಲ.

ಹಾಗಾಗಿ ಈ ಸಲದ ಗಣೇಶ ಚೌತಿಗೆ ಒಂದು ಬದಲಾವಣೆ ಮಾಡಿದ್ದೇವೆ. ಹೊರಗಿನ ಅಡುಗೆಯವರನ್ನು ಕರೆಸುತ್ತಿಲ್ಲ, ನಾವೇ ಮಾಡುವುದು. ನಂಬುವವರು, ನಂಬದವರು, ನಡುವೆ ನಿಂತವರು, ಸಂಘದಲ್ಲಿ ಮಾತು ಬಿಟ್ಟವರು, ಎಲ್ಲರೂ ಬನ್ನಿ. ಬೆಳಿಗ್ಗೆ ಏಳಕ್ಕೆ ಹಾಲ್ ತೆರೆಯುತ್ತೇವೆ. ತೆಂಗಿನಕಾಯಿ ತುರಿಯಲು ಎಂಟು ಜನ ಬೇಕು. ಸಾಧ್ಯವಾದರೆ ತುರಿಯುವ ಮಣೆ ನೀವೇ ತನ್ನಿ.