ಸುಮಾಳಿಗೆ, ಸೈಕಲ್ ಕೊಳ್ಳುವ ಮುಂಚೆ

ಕೋಥ್ರೂಡ್, ಪುಣೆ

ಪ್ರೀತಿಯ ಸುಮಾ,

ಪಾಷಾಣ್‌ನಲ್ಲಿ ರೂಮು ಸಿಕ್ಕಿತು, ಕೆಮಿಸ್ಟ್ರಿ ಪ್ರಯೋಗಾಲಯ ಎನ್‌ಸಿಎಲ್‌ಗೆ ದಿನಾ ಸೈಕಲ್ ಮೇಲೇ ಹೋಗಿಬರುತ್ತೇನೆ ಅಂತ ನೀನು ಹೇಳಿದಾಗಿನಿಂದ ನನಗೆ ಭಾಳ ಖುಷಿ. ಆದರೆ ನೀನು ಕಳಿಸಿದ ಫೋಟೋ ನೋಡಿ ಸುಮ್ಮನಿರಲಾಗಲಿಲ್ಲ. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, 21 ಗಿಯರು. "ಇದೊಂದಿದ್ದರೆ ಎಲ್ಲಕ್ಕೂ ಆಗುತ್ತೆ ಮಾಮಾ" ಅಂದೆಯಲ್ಲ, ಆಗುವುದಿಲ್ಲ ಪುಟ್ಟಿ. ರೊಟ್ಟಿ ಹಂಚಿನಲ್ಲಿ ಸಾರು ಕುದಿಸಲಾಗುತ್ತದಾ?

ಆ ಗಂಟುಗಂಟು ಟೈರು ಇರುವುದು ಮಣ್ಣು, ಕಲ್ಲಿನ ದಾರಿಗೆ. ಇಲ್ಲಿನ ವೇತಾಳ ಟೇಕಡಿ ಅನ್ನುವ ಗುಡ್ಡದ ಮೇಲೆ ಅದಕ್ಕೆ ಸಾಟಿಯಿಲ್ಲ. ಡಾಂಬರಿನ ಮೇಲೆ ಮಾತ್ರ ಗುಂಯ್ ಅನ್ನುತ್ತಾ ನಿನ್ನ ಶಕ್ತಿಯನ್ನೆಲ್ಲ ಹೀರುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದರೆ ಶಾಕ್ ಕುಸಿದು ಏಳುತ್ತದೆ, ಅಷ್ಟು ತುಳಿತ ದಂಡ. ಟೇಕಡಿ ಹತ್ತುವುದು ನೀನು ವಾರಕ್ಕೊಮ್ಮೆ. ಡಾಂಬರು ದಿನಾ ಎರಡು ಸಲ.

ನಾನೂ ಒಂದರಲ್ಲೇ ಎಲ್ಲ ಮುಗಿಸಲು ಹೋಗಿ ಪೆಟ್ಟು ತಿಂದವನು. ಭಾನುವಾರ ಖಡಕ್‌ವಾಸ್ಲಾ ಡ್ಯಾಮಿನ ಕಡೆ ಹೋಗುವ ನನ್ನ ರೋಡ್ ಬೈಕ್ ನೋಡಿದ್ದೀಯಲ್ಲ, ಅದರ ಟೈರು ಬರೀ 25 ಮಿ.ಮೀ. ಒಮ್ಮೆ ಮಳೆ ನಿಂತ ಮೇಲೆ, ಹಗುರಾಗಿದೆ, ಬೇಗ ಆಗುತ್ತದೆ ಅಂತ ಅದರಲ್ಲೇ ಮಂಡಈಗೆ, ಅಂದರೆ ತರಕಾರಿ ಸಂತೆಗೆ, ಹೋದೆ. ಅದಕ್ಕೆ ಕ್ಯಾರಿಯರ್ ಇಲ್ಲ. ಐದು ಕೆ.ಜಿ. ಜೋಳದ ಹಿಟ್ಟು, ಮೇಲೆ ತರಕಾರಿ, ಎಲ್ಲ ಒಂದೇ ಚೀಲದಲ್ಲಿ ಹ್ಯಾಂಡಲ್‌ಗೆ ನೇತುಹಾಕಿದೆ. ಚೀಲ ಓಲಾಡಿ ಹ್ಯಾಂಡಲ್ ಒಂದು ಕಡೆ ಎಳೆಯಿತು. ಮುಂದಿನ ಗಾಲಿ ಮೋರಿಯ ಜಾಲರಿ ಸಂದಿಗೆ ಇಳಿದು ಅಲ್ಲೇ ಕಚ್ಚಿಕೊಂಡಿತು. ನಾನು ಮುಗ್ಗರಿಸಿ ಬಿದ್ದೆ. ಎಡ ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. ಒದ್ದೆ ರಸ್ತೆಯ ಮೇಲೆ ಚೆಲ್ಲಿದ ಹಿಟ್ಟನ್ನು ಗುರುತಿಲ್ಲದ ಒಬ್ಬ ಅಜ್ಜಿ ಬೊಗಸೆಯಲ್ಲಿ ಬಳಿದು ಚೀಲಕ್ಕೆ ಹಾಕಿಕೊಟ್ಟರು. ಈಗಲೂ ಆ ತಿರುವಿನಲ್ಲಿ ನಾನು ಇಳಿದು ನಡೆಯುತ್ತೇನೆ.

ಅಂದಿನಿಂದ ಸಂತೆಗೆ ನಿನ್ನ ಅಜ್ಜನ ಕರಿ ಸೈಕಲ್ಲೇ. 28 ಇಂಚಿನ ಗಾಲಿ, ಅಗಲ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡ್. ಹತ್ತಿರ ಹತ್ತಿರ 20 ಕೆ.ಜಿ. ಭಾರ, ಗಿಯರಿಲ್ಲ, ಏರಿನಲ್ಲಿ ತಳ್ಳಲೇಬೇಕು. ಆದರೆ ಚೀಲ ಕಟ್ಟುವಾಗ ಕಂಬದ ಹಾಗೆ ನಿಲ್ಲುತ್ತದೆ.

ಹಾಗಂತ ಮೂರನ್ನೂ ಒಟ್ಟಿಗೆ ಕೊಳ್ಳಬೇಡ. ಮೊದಲು ದಿನದ ಓಡಾಟಕ್ಕೊಂದು. ರೋಡ್ ಬೈಕಿಗೂ ದಪ್ಪ ಟೈರಿನದಕ್ಕೂ ನಡುವಿನದಾದ ಹೈಬ್ರಿಡ್ ತಗೋ, ಟೈರು 35ರಿಂದ 40 ಮಿ.ಮೀ. ಇರಲಿ. ಗುಂಡಿಗೂ ತಡೆಯುತ್ತದೆ, ಡಾಂಬರಿನಲ್ಲೂ ಓಡುತ್ತದೆ. ಡಿಸ್ಕ್ ಬ್ರೇಕ್ ಇರುವುದೇ ಬೇಕು. ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ರಿಮ್ ಒದ್ದೆಯಾದರೆ ರಬ್ಬರಿನ ಬ್ರೇಕ್ ತಡವಾಗಿ ಹಿಡಿಯುತ್ತದೆ. ಮಡ್‌ಗಾರ್ಡ್, ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ತೂತು ಇವೆಯಾ ನೋಡು. ಅಂಗಡಿಯವರು ಗಿಯರ್ ಎಣಿಸಿ ಹೇಳುತ್ತಾರೆ, ನೀನು ಫ್ರೇಮಿನ ಅಳತೆ ಕೇಳು. ನಿನ್ನ ಎತ್ತರಕ್ಕೆ ದೊಡ್ಡ ಫ್ರೇಮ್ ಕೊಟ್ಟರೆ ಬೆನ್ನು, ಮಂಡಿ ಎರಡೂ ನೋಯುತ್ತವೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಸೀಟು ಅಷ್ಟು ಎತ್ತರವಿರಲಿ.

ಒಂದು ವರ್ಷ ಅದನ್ನೇ ತುಳಿ. ಆಮೇಲೂ ಟೇಕಡಿ ಕರೆದರೆ ಆ ದಪ್ಪ ಟೈರಿನದು ತಗೋ, ಸೆಕೆಂಡ್ ಹ್ಯಾಂಡ್ ಸಾಕು. ಎಷ್ಟು ಕೊಂಡೆಯೋ ಅಷ್ಟು ಚೈನು ನೀನೇ ಒರೆಸಬೇಕು. ಮಳೆಯಲ್ಲಿ ಬಂದ ದಿನ ಒಣಬಟ್ಟೆಯಿಂದ ಒರೆಸಿ, ಕೊಂಡಿಗೊಂದು ಹನಿ ಚೈನ್ ಎಣ್ಣೆ ಬಿಡು. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

ಅಡ್ವಾನ್ಸ್ ಕೊಡಬೇಡ. ನೀನು ಪುಣೆಗೆ ಬಂದ ಮೊದಲ ಶನಿವಾರ ಇಬ್ಬರೂ ಅಂಗಡಿಗೆ ಹೋಗೋಣ. ಅಲ್ಲಿವರೆಗೆ ಅಜ್ಜನ ಸೈಕಲ್ ಇದೆ, ನಿನಗೆ ಅಂತ ಸೀಟು ಇಳಿಸಿಟ್ಟಿದ್ದೇನೆ.

ನಿನ್ನ ಮಾಮಾ