ಆಸ್ಪತ್ರೆ ಫೈಲ್: ಭಾನುವಾರದೊಳಗೆ ಸಿದ್ಧ ಮಾಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ 🙏

ಅಲ್ಝೈಮರ್ಸ್ ಇರುವ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ಇವರನ್ನು ಅಡ್ಮಿಟ್ ಮಾಡಬೇಕಾಗುವುದು ಹೆಚ್ಚಾಗಿ ಮರೆವಿಗಲ್ಲ. ಮೂತ್ರದ ಸೋಂಕು, ನಿರ್ಜಲೀಕರಣ, ಬಿದ್ದು ಸೊಂಟದ ಮೂಳೆ ಮುರಿಯುವುದು, ತುತ್ತು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುವುದು ಇವೇ ಕಾರಣ. ಹೊಸ ಜಾಗ, ನಿದ್ದೆಗೇಡು, ಕ್ಯಾತಿಟರ್ (ಮೂತ್ರದ ನಳಿಕೆ) ಎಲ್ಲ ಸೇರಿ ಡೆಲಿರಿಯಮ್ (ದಿಢೀರನೆ ಬರುವ ತೀವ್ರ ಗೊಂದಲ) ಶುರುವಾದರೆ ಡಿಸ್ಚಾರ್ಜ್ ಮುಂದಕ್ಕೆ ಹೋಗುತ್ತದೆ, ಬಿಲ್ ಏರುತ್ತದೆ. ಹಾಗಾಗಿ ಹಗಲು ನೀರು ಕುಡಿಸುವುದು, ನೆಟ್ಟಗೆ ಕೂರಿಸಿ ಉಣಿಸುವುದು, ಬಚ್ಚಲಲ್ಲಿ ಹಿಡಿಕೆ ಹಾಕಿಸುವುದೇ ದೊಡ್ಡ ಉಳಿತಾಯ.

ಆದರೂ ಅಡ್ಮಿಟ್ ಮಾಡಬೇಕಾಗಿ ಬಂದರೆ ಜೊತೆಗೆ ಒಯ್ಯುವ ಫೈಲಿನಲ್ಲಿ ಇರಬೇಕಾದವು:
- ಈಗಿನ ಮಾತ್ರೆಗಳು, ಪ್ರಮಾಣ, ಹೊತ್ತು
- ರೋಗನಿರ್ಣಯದ ಪತ್ರ, ಆಧಾರ್ ಮತ್ತು ವಿಮೆಯ ಪ್ರತಿ
- ಒಂದು ಪುಟ: ಕರೆಯುವ ಹೆಸರು, ಮಾತಾಡುವ ಭಾಷೆ, ನೋವಾದರೆ ಹೇಗೆ ತೋರಿಸುತ್ತಾರೆ, ಕನ್ನಡಕ, ಶ್ರವಣಯಂತ್ರ

ಅವಿಲ್‌ನಂಥ ಹಳೆಯ ಅಲರ್ಜಿ ಮಾತ್ರೆಗಳು ಗೊಂದಲ ಹೆಚ್ಚಿಸುತ್ತವೆ. ಕೊಡುವ ಮುನ್ನ ಡ್ಯೂಟಿ ಡಾಕ್ಟರಿಗೆ ಕಾಯಿಲೆಯ ಹೆಸರು ಹೇಳಲೇಬೇಕು.

ಖರ್ಚಿನ ವಿಷಯ: ಡೈಪರ್, ಅಟೆಂಡರ್ ವೆಚ್ಚವನ್ನು ಸಾಮಾನ್ಯವಾಗಿ ವಿಮೆ ಕೊಡುವುದಿಲ್ಲ, ಆ ಹಣ ಬೇರೆ ಇಟ್ಟುಕೊಳ್ಳಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಸೆಕ್ಷನ್ ಅಡಿ 60 ದಾಟಿದವರ ಚಿಕಿತ್ಸೆಗೆ ಮಾಡಿದ ಖರ್ಚನ್ನು 1,00,000 ರೂ. ವರೆಗೆ ತೆರಿಗೆಯ ಆದಾಯದಿಂದ ಕಳೆಯಬಹುದು, ಶೇ. 40 ಅಥವಾ ಹೆಚ್ಚು ಅಸಾಮರ್ಥ್ಯ ಇರಬೇಕು, ನರರೋಗ ತಜ್ಞರ ಚೀಟಿ ಬೇಕು. ವಿಮೆಯಿಂದ ಬಂದ ಮೊತ್ತದಷ್ಟು ಈ ವಿನಾಯಿತಿ ಕಡಿಮೆಯಾಗುತ್ತದೆ.

ಹಿರಿಯರ ಸಹಾಯವಾಣಿ: 14567.

ಫೈಲ್ ಆದವರು "ಆಯ್ತು" ಎಂದು ಹಾಕಿ. ಸಹಾಯ ಬೇಕಾದವರು ನನಗೆ ನೇರವಾಗಿ ಬರೆಯಿರಿ, ರೋಗಿಯ ದಾಖಲೆಗಳನ್ನು ಗುಂಪಿನಲ್ಲಿ ಹಾಕಬೇಡಿ.