ಬೀಗ ಹಾಕುವ ಮುಂಚೆ

ಪ್ರೀತಿಯ ಕೂಸೇ,

ಬೆಳಗಾವಿಯಲ್ಲಿ ಮಳೆ ಜೋರು, ಕರೆಂಟ್ ಹೋಗಿ ಬಂದು ಮಾಡುತ್ತಿದೆ ಅಂತ ನೀನು ನಿನ್ನೆ ಫೋನಿನಲ್ಲಿ ಹೇಳಿದೆ. ಆಗಿನಿಂದ ಮನಸ್ಸಿನಲ್ಲಿ ಅದೇ ಕೊರೀತಿದೆ. ಹೊಸ ರೂಮು, ಬೆಳಿಗ್ಗೆಯ ಗಡಿಬಿಡಿ. ಹೊರಡುವಾಗ ಎಲ್ಲಾ ಆರಿಸಿ ಹೋಗ್ತೀಯಲ್ವಾ?

ಕರೆಂಟ್ ಇಲ್ಲದಾಗ ಲೈಟ್ ತಾನೇ ಆರಿರುತ್ತದೆ, ಸ್ವಿಚ್ ಮಾತ್ರ ಆನ್ ಇರುತ್ತದೆ. ನೀನು ಬೀಗ ಹಾಕಿ ಬಸ್ ಹತ್ತಿದ ಮೇಲೆ ಕರೆಂಟ್ ಬರುತ್ತದೆ. ಅದಕ್ಕೇ ಬಲ್ಬ್ ನೋಡಬೇಡ, ಸ್ವಿಚ್ ನೋಡು.

ನೀನು ಮೂರನೇ ಕ್ಲಾಸಿನಲ್ಲಿದ್ದೆ. ಬಸವನ ಬಾಗೇವಾಡಿಗೆ ಕುಬಸಕ್ಕೆ ಹೊರಟಿದ್ದೆವು. ಬಕೆಟಿನಲ್ಲಿ ನೀರು ಕಾಯಿಸುವ ಕಾಯಿಲ್ ಇಟ್ಟು ಸ್ವಿಚ್ ಹಾಕಿದ್ದೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಗ್ಯಾಸಿನ ಮೇಲೆ ನೀರು ಕಾಯಿಸಿ ನಿನಗೆ ಎರೆದು, ಹಾಗೇ ಹೊರಟುಬಿಟ್ಟೆ. ಸಂಜೆ ಬೀಗ ತೆಗೆದ ಕೂಡಲೇ ಸುಟ್ಟ ಪ್ಲಾಸ್ಟಿಕ್ ವಾಸನೆ. ನೀರೆಲ್ಲ ಕುದಿದು ಆರಿ, ಬಕೆಟ್ ಕರಗಿ ಬಚ್ಚಲ ಕಲ್ಲಿಗೆ ಅಂಟಿತ್ತು. ಗೋಡೆ ಮೊಳದಷ್ಟು ಕಪ್ಪಾಗಿತ್ತು. ಪಕ್ಕದ ಗೂಟದಲ್ಲಿ ನಿನ್ನ ಟವೆಲ್ ತೂಗುತ್ತಿತ್ತು. ಅದಕ್ಕೆ ಬೆಂಕಿ ತಾಗಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವತ್ತಿನಿಂದ ಊರಿಗೆ ಹೊರಟರೆ ಚಪ್ಪಲಿ ಹಾಕುವ ಮುಂಚೆ ಒಂದು ಸುತ್ತು ಹಾಕುತ್ತೇನೆ. ಬಚ್ಚಲು, ಅಡುಗೆಮನೆ, ಪಡಸಾಲೆ. ಪ್ರತಿ ಸ್ವಿಚ್ಚನ್ನೂ ಬೆರಳಿನಿಂದ ಮುಟ್ಟುತ್ತೇನೆ. ಮೇನ್ ಆಫ್ ಮಾಡಿದರೆ ಮುಗೀತು ಅಂತ ನಿಮ್ಮಪ್ಪ ಅನ್ನುತ್ತಾರೆ. ಫ್ರಿಜ್ಜಿನಲ್ಲಿ ಹಾಲು, ಹಿಟ್ಟು ಇರುತ್ತದಲ್ಲ, ಅದು ದಿನಾ ಆಗುವ ಮಾತಲ್ಲ.

ಗೃಹಜ್ಯೋತಿಯಲ್ಲಿ ಕರೆಂಟ್ ಫ್ರೀ ಇದೆ ಅಂತ ನೀನು ಅನ್ನಬಹುದು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಕೂಸೇ. 9 ವ್ಯಾಟಿನ ಎಲ್‌ಇಡಿ ಬಲ್ಬ್ 111 ತಾಸು ಉರಿದರೆ ಒಂದು ಯೂನಿಟ್. 1500 ವ್ಯಾಟಿನ ಕಾಯಿಲ್‌ಗೆ ಅಷ್ಟು ತಿನ್ನಲು 40 ನಿಮಿಷ ಸಾಕು. ಆದರೂ ಬಲ್ಬ್ ಸಣ್ಣದು ಅಂತ ಬಿಡಬೇಡ. ಬಾಗಲಕೋಟೆ ರೈಲಿನಲ್ಲಿ ಹೋಗುವಾಗ ಕೂಡಗಿಯ ಚಿಮಣಿಗಳನ್ನು ಕಿಟಕಿಯಿಂದ ತೋರಿಸಿದ್ದೆ, ನೆನಪಿದೆಯಾ? ಅಲ್ಲಿ ಕಲ್ಲಿದ್ದಲಿನಿಂದ ಕರೆಂಟ್ ಮಾಡುವ 2400 ಮೆಗಾವ್ಯಾಟಿನ ಸ್ಥಾವರ ಇದೆ. ಒಂದು ಯೂನಿಟ್ ಕರೆಂಟಿಗೆ ಅರ್ಧ ಕೆಜಿಗಿಂತ ಜಾಸ್ತಿ ಕಲ್ಲಿದ್ದಲು ಸುಡಬೇಕು. ಖಾಲಿ ರೂಮಿಗೆ ಬೆಳಕು ಕೊಡಲು ಸುಮ್ನೆ ಯಾಕೆ ಸುಡಬೇಕು?

ಕಾಯಿಲ್ ಹಾಕುವ ಸ್ವಿಚ್ಚಿಗೆ ಒಂದು ತುಂಡು ಕೆಂಪು ಟೇಪ್ ಅಂಟಿಸು. ಕರೆಂಟ್ ಹೋದ ಕೂಡಲೇ ಮೊದಲು ಅದನ್ನು ಆಫ್ ಮಾಡಿ, ಪ್ಲಗ್ ಕಿತ್ತಿಡು. ನೀರು ಬಿಸಿ ಇದೆಯಾ ಅಂತ ಆಮೇಲೆ ನೋಡಿದರಾಯಿತು. ಟೇಪ್ ಅಂಟಿಸಿದ ಮೇಲೆ ಬೋರ್ಡಿನ ಫೋಟೊ ಕಳಿಸು. ನಾನು ಕಾಯ್ತಾ ಇರುತ್ತೇನೆ.

ನಿನ್ನ ಅವ್ವ
ವಿಜಯಪುರ